ಒಂದೇ ಟಾರ್ಚಿನಲ್ಲಿ ನಾಲ್ಕು ಬಣ್ಣ: ಹೊರಾಂಗಣದ ಬಳಕೆಗೆ ಅಳೆದು ನೋಡುವುದು ಹೇಗೆ?

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಟಾರ್ಚಿಗೆ ‘ಬ್ಯಾಟರಿ’ ಎಂದೇ ಹೆಸರು, ಅದರೊಳಗೆ ಹಾಕುವುದು ‘ಸೆಲ್ಲು’. ಕೊಳ್ಳುವಾಗ ಕೇಳುತ್ತಿದ್ದ ಪ್ರಶ್ನೆಯೂ ಒಂದೇ: ಎರಡು ಸೆಲ್ಲಿನದೋ, ಮೂರು ಸೆಲ್ಲಿನದೋ? ಈಗ ಅದೇ ಅಂಗಡಿಯ ಗಾಜಿನ ಕಪಾಟಿನಲ್ಲೂ ಫೋನಿನ ಪರದೆಯ ಮೇಲೂ ಬಿಳಿ, ಕೆಂಪು, ಹಸಿರು, ನೀಲಿ, ಕೆಲವೊಮ್ಮೆ ನೇರಳಾತೀತ ಬೆಳಕನ್ನೂ ಒಂದೇ ಕೊಳವೆಯಲ್ಲಿ ತುಂಬಿಕೊಂಡ ಎಲ್‌ಇಡಿ ಟಾರ್ಚುಗಳು ಸಾಲುಗಟ್ಟಿವೆ. ಕೆಂಪು ರಾತ್ರಿ ದೃಷ್ಟಿಗೆ, ಹಸಿರು ಪ್ರಾಣಿ ವೀಕ್ಷಣೆಗೆ, ನೀಲಿ ಮೀನು ಹಿಡಿಯಲು, ಹಳದಿ ಮಂಜಿನಲ್ಲಿ ನಡೆಯಲು ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ.

ರಾತ್ರಿ ಪಾಳಿಯಲ್ಲಿ ಬರುವ ತ್ರೀಫೇಸ್ ಕರೆಂಟಿಗಾಗಿ ಪಂಪ್‌ಸೆಟ್ಟಿನತ್ತ ನಡೆಯುವ ರೈತ, ಮಳೆ ಹಿಡಿದ ಮೊದಲ ವಾರದಲ್ಲಿ ಕಪ್ಪೆಗಳನ್ನು ನೋಡಲು ಆಗುಂಬೆಗೆ ಹೊರಟ ವಿದ್ಯಾರ್ಥಿ, ಶಿವರಾತ್ರಿಯ ಸಮಯಕ್ಕೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವ ಪಾದಯಾತ್ರಿ, ಈ ಮೂವರ ಕೈಗೂ ಇಂಥ ಟಾರ್ಚು ಬರುತ್ತಿದೆ; ಆದರೆ ಮೂವರಿಗೆ ಬೇಕಾದ ಬೆಳಕು ಒಂದೇ ಅಲ್ಲ. ಯಾವ ಬಣ್ಣ ಕೆಲಸಕ್ಕೆ ಬರುತ್ತದೆ, ಯಾವುದು ಬರಿಯ ಅಲಂಕಾರ ಎಂದು ತೀರ್ಮಾನಿಸಬೇಕಾದರೆ ಎರಡು ಸಂಗತಿಗಳನ್ನು ಮೊದಲು ತಿಳಿದುಕೊಳ್ಳಬೇಕಾಗುತ್ತದೆ: ಎಲ್‌ಇಡಿಯಲ್ಲಿ ಬಣ್ಣ ಹುಟ್ಟುವುದು ಹೇಗೆ, ಮತ್ತು ಕತ್ತಲಲ್ಲಿ ನಮ್ಮ ಕಣ್ಣು ಆ ಬಣ್ಣವನ್ನು ಹೇಗೆ ಬರಮಾಡಿಕೊಳ್ಳುತ್ತದೆ.

ಬಣ್ಣ ಹುಟ್ಟುವ ಬಗೆ

ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಪಾಗಿ ಬೆಳಕು ಬರುತ್ತಿತ್ತು. ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕದ ಸಣ್ಣ ಚೂರಿನೊಳಗೆ ಎಲೆಕ್ಟ್ರಾನು ಎತ್ತರದ ಮೆಟ್ಟಿಲಿನಿಂದ ತಗ್ಗಿನ ಮೆಟ್ಟಿಲಿಗೆ ಜಾರಿದಾಗ ಆ ಎತ್ತರದ ವ್ಯತ್ಯಾಸವೇ ಬೆಳಕಾಗಿ ಹೊರಬೀಳುತ್ತದೆ. ಮೆಟ್ಟಿಲು ಗಿಡ್ಡದಾದರೆ ಕೆಂಪು, ಎತ್ತರವಾದರೆ ನೀಲಿ. ಆದ್ದರಿಂದ ಒಂದು ಎಲ್‌ಇಡಿ ಚೂರಿಗೆ ಒಂದೇ ಬಣ್ಣ. ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ತೋರಿಸಿದ್ದರು. ಪ್ರಕಾಶಮಾನವಾದ ನೀಲಿಗಾಗಿ ಮಾತ್ರ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ದೊರೆಯಿತು.

ನೀಲಿಗೆ ಅಷ್ಟೊಂದು ಮಹತ್ವ ಬಂದದ್ದು ಬಿಳಿಯಿಂದಾಗಿ. ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದು ವಾಸ್ತವದಲ್ಲಿ ಹಳದಿ ಲೇಪನ ಬಳಿದ ನೀಲಿ ಎಲ್‌ಇಡಿ. ಟಾರ್ಚನ್ನು ಆರಿಸಿ ಗಾಜಿನೊಳಗೆ ಇಣುಕಿದರೆ ಅರಿಸಿನದ ಬೊಟ್ಟಿನಂಥ ಒಂದು ಚೌಕ ಕಾಣುತ್ತದಲ್ಲ, ಅದೇ ಆ ಲೇಪನ. ಒಳಗಿನ ನೀಲಿ ಬೆಳಕಿನ ಒಂದು ಪಾಲು ಲೇಪನದಲ್ಲಿ ಹಳದಿಯಾಗಿ ಮಾರ್ಪಟ್ಟು, ಉಳಿದ ನೀಲಿಯೊಂದಿಗೆ ಬೆರೆತು ಬಿಳಿಯಾಗಿ ಕಾಣುತ್ತದೆ. ಇಂಥ ಬಿಳಿಯಲ್ಲಿ ನೀಲಿ ಯಥೇಚ್ಛ, ಕಡುಗೆಂಪು ಅತ್ಯಲ್ಪ.

ಈ ಒಂದು ಸಂಗತಿಯಿಂದಲೇ ಖರೀದಿಯ ಮೊದಲ ಪ್ರಶ್ನೆ ಹುಟ್ಟುತ್ತದೆ: ಟಾರ್ಚಿನ ಕೆಂಪು ಸ್ವತಂತ್ರ ಎಲ್‌ಇಡಿಯಿಂದ ಬರುತ್ತದೆಯೋ, ಬಿಳಿ ಬೆಳಕಿನ ಮುಂದೆ ಕೆಂಪು ಮುಚ್ಚಳ ಹಾಕಿದ್ದರಿಂದಲೋ? ಮುಚ್ಚಳ ಹೊಸ ಬಣ್ಣವನ್ನೇನೂ ಕೊಡುವುದಿಲ್ಲ, ಉಳಿದ ಬಣ್ಣಗಳನ್ನು ತಡೆಯುತ್ತದೆ ಅಷ್ಟೆ. ಬಿಳಿಯಲ್ಲಿ ಇರುವುದೇ ಅಲ್ಪಸ್ವಲ್ಪ ಕೆಂಪಾದ್ದರಿಂದ ಸೆಲ್ಲಿನ ಶಕ್ತಿಯ ಬಹುಪಾಲು ಮುಚ್ಚಳದಲ್ಲೇ ಹೀರಿಹೋಗುತ್ತದೆ, ಅಗ್ಗದ ಮುಚ್ಚಳವಾದರೆ ಹಸಿರು ನೀಲಿಗಳೂ ಸೋರುತ್ತವೆ. ಮೂರನೆಯ ಬಗೆಯೊಂದಿದೆ. ಕೆಂಪು, ಹಸಿರು, ನೀಲಿ ಚೂರುಗಳನ್ನು ಒತ್ತೊತ್ತಾಗಿ ಕೂರಿಸಿ, ಮೂರನ್ನೂ ಒಟ್ಟಿಗೆ ಹೊತ್ತಿಸಿ ಬಿಳಿ ಎನ್ನುವ ಟಾರ್ಚುಗಳಿವೆ. ಗೋಡೆಯ ಮುಂದೆ ಬೆರಳು ಹಿಡಿದರೆ ಇವುಗಳ ಗುಟ್ಟು ಬಯಲಾಗುತ್ತದೆ: ನೆರಳು ಒಂದಾಗಿ ಬೀಳುವ ಬದಲು ಮೂರು ಬಣ್ಣದ ಅಂಚುಗಳಾಗಿ ಸೀಳಿಕೊಳ್ಳುತ್ತದೆ. ಮಕ್ಕಳ ಆಟಕ್ಕೆ ಚೆಂದ, ಕಾಲುದಾರಿಗೆ ಬೇಡ.

ಕತ್ತಲಿಗೆ ಹೊಂದಿಕೊಳ್ಳುವ ಕಣ್ಣು

ಸಂಜೆ ಹಿತ್ತಲಿನಲ್ಲಿ ಕೆಂಪು ದಾಸವಾಳವನ್ನು ಗಮನಿಸಿದವರಿಗೆ ಇದು ಗೊತ್ತಿರುತ್ತದೆ: ಹಗಲಿನಲ್ಲಿ ಎಲೆಗಿಂತ ಹೂವೇ ಎದ್ದು ಕಾಣುತ್ತಿದ್ದದ್ದು, ಮುಸ್ಸಂಜೆಯಾದಂತೆ ಹೂವು ಕಪ್ಪಾಗಿ ಎಲೆಯೇ ಬೆಳ್ಳಗಾಗುತ್ತದೆ. ಹೂವು ಬದಲಾಗಿರುವುದಿಲ್ಲ, ನೋಡುವ ಕಣ್ಣಿನ ಪಾಳಿ ಬದಲಾಗಿರುತ್ತದೆ. ಹಗಲು ಪಾಳಿಯಲ್ಲಿ ದುಡಿಯುವುದು ಶಂಕು ಕೋಶಗಳು. ಬಣ್ಣ ಗುರುತಿಸುವುದು, ಸೂಕ್ಷ್ಮ ಗೆರೆ ಓದುವುದು ಇವುಗಳ ಕೆಲಸ. ರಾತ್ರಿ ಪಾಳಿ ದಂಡ ಕೋಶಗಳದು; ಇವಕ್ಕೆ ಬಣ್ಣ ತಿಳಿಯದು, ಆದರೆ ಅತ್ಯಂತ ಮಂದ ಬೆಳಕೂ ಸಾಕು. ದಂಡ ಕೋಶಗಳು ಸುಮಾರು 500 ನ್ಯಾನೋಮೀಟರ್ ತರಂಗಾಂತರದ, ಅಂದರೆ ನೀಲಿಗೂ ಹಸಿರಿಗೂ ನಡುವಣ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. 620 ನ್ಯಾನೋಮೀಟರ್ ದಾಟಿದ ಕೆಂಪಿಗೆ ಬಹುಮಟ್ಟಿಗೆ ಕುರುಡು. ಈ ಪಲ್ಲಟವನ್ನು ಮೊದಲು ವಿವರಿಸಿದ ಜೆಕ್ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಪುರ್ಕಿಂಜೆ ಪರಿಣಾಮ ಎನ್ನುತ್ತಾರೆ.

ದಂಡ ಕೋಶಗಳೊಳಗೆ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಜೋರಾದ ಬೆಳಕು ಬಿದ್ದೊಡನೆ ಅದು ಬಿಳಿಚಿಕೊಳ್ಳುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು 20ರಿಂದ 30 ನಿಮಿಷ ಬೇಕು. ತಳ ಸೋರುವ ಕೊಡಕ್ಕೆ ನೀರು ತುಂಬಿಸಿದಂತೆ: ಅರ್ಧ ಗಂಟೆ ತುಂಬಿಸಿದ್ದನ್ನು ಒಂದು ಸಲದ ಬಿಳಿ ಬೆಳಕು ಬರಿದು ಮಾಡುತ್ತದೆ. ನಕ್ಷತ್ರ ವೀಕ್ಷಣೆಗೆ ಸೇರಿದ ಗುಂಪಿನಲ್ಲಿ ಯಾರಾದರೂ ಮೊಬೈಲ್ ತೆರೆದರೆ ಉಳಿದವರು ಗೊಣಗುವುದಕ್ಕೆ ಕಾರಣ ಇದೇ.

ಕೆಂಪು: ಕೊಡುವುದೆಷ್ಟು, ಮರೆಮಾಡುವುದೆಷ್ಟು

ದಂಡ ಕೋಶಗಳು ಕೆಂಪನ್ನು ಕಾಣುವುದಿಲ್ಲವಾದ್ದರಿಂದ ಕೆಂಪು ಬೆಳಕಿನಲ್ಲಿ ರೊಡಾಪ್ಸಿನ್ ಉಳಿಯುತ್ತದೆ; ಶಂಕು ಕೋಶಗಳು ಆ ಕೆಂಪಿನಲ್ಲೇ ಹತ್ತಿರದ ಕೆಲಸ ಮಾಡಿಕೊಳ್ಳುತ್ತವೆ. ಇದಿಷ್ಟು ನಿಜ. ಆದರೆ ಕೆಂಪಾಗಿದ್ದ ಮಾತ್ರಕ್ಕೆ ಯಾವ ಬೆಳಕೂ ನಿರಪಾಯಕಾರಿಯಲ್ಲ. ಕಣ್ಣು ಕೋರೈಸುವಷ್ಟು ಜೋರಾದ ಕೆಂಪು ಕೂಡ ರಾತ್ರಿ ದೃಷ್ಟಿಯನ್ನು ಕೆಡಿಸುತ್ತದೆ, ತೀರ ಮಂದವಾದ ಬಿಳಿ ಅದಕ್ಕಿಂತ ಕಡಿಮೆ ಹಾನಿ ಮಾಡಬಹುದು. ಹಾಗಾಗಿ ಕೆಂಪನ್ನು ಪರೀಕ್ಷಿಸುವಾಗ ಕೇಳಬೇಕಾದದ್ದು ಅದು ಎಷ್ಟು ಜೋರು ಎಂದಲ್ಲ, ಎಷ್ಟು ಕೆಳಕ್ಕೆ ಇಳಿಯುತ್ತದೆ ಎಂದು. ಮಾರುಕಟ್ಟೆಯ ಬಹುಪಾಲು ಬಣ್ಣದ ಟಾರ್ಚುಗಳು ಸೋಲುವುದು ಇಲ್ಲಿಯೇ. ಬಿಳಿಗೆ ಐದು ಹಂತ ಕೊಟ್ಟವರು ಕೆಂಪಿಗೆ ಒಂದೇ ಹಂತ ಕೊಟ್ಟು ಕೈತೊಳೆದುಕೊಂಡಿರುತ್ತಾರೆ.

ಪ್ರಾಣಿಗಳ ವಿಷಯದಲ್ಲಿ ಕೆಂಪಿನ ಪ್ರಯೋಜನ ಸ್ಪಷ್ಟವಾಗಿಯೇ ಇದೆ. ಹೆಚ್ಚಿನ ಸಸ್ತನಿಗಳ ಕಣ್ಣಿನಲ್ಲಿ ಎರಡೇ ಬಗೆಯ ಶಂಕು ಕೋಶಗಳಿದ್ದು, ಉದ್ದ ತರಂಗಾಂತರದ ಕೆಂಪು ಅವುಗಳಿಗೆ ತೀರ ಮಸುಕು. ತುಮಕೂರಿನ ಸುತ್ತಮುತ್ತಲಿನ ಕುರುಚಲು ಕಾಡುಗಳಲ್ಲಿರುವ ಕಾಡುಪಾಪದಂಥ ನಿಶಾಚರಿಗಳ ಅಧ್ಯಯನಕ್ಕೆ ಸಂಶೋಧಕರು ಕೆಂಪು ಬೆಳಕಿನ ಹಣೆದೀಪ ಬಳಸುವುದು ಇದೇ ಕಾರಣಕ್ಕೆ. ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದ ಮರಗಳಲ್ಲಿ ಮಿಂಚುಹುಳಗಳು ಮಿನುಗುವುದು ಸಂಗಾತಿಯನ್ನು ಕರೆಯಲಿಕ್ಕೆ. ಬಿಳಿ ಟಾರ್ಚು ಹಾಯಿಸಿದರೆ ಆ ಕರೆ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಅಲ್ಲಿಯೂ ಮಂದ ಕೆಂಪೇ ಸರಿ, ಅದೂ ನೆಲದ ಕಡೆಗೆ. ನಮ್ಮ ಕರಾವಳಿಯಲ್ಲಿ ಮೊಟ್ಟೆಯೊಡೆದು ಬರುವ ಕಡಲಾಮೆ ಮರಿಗಳು ಬೆಳಕಿರುವ ದಿಕ್ಕೇ ಸಮುದ್ರ ಎಂದುಕೊಂಡು ನಡೆಯುತ್ತವೆ. ಬಿಳಿ ಮತ್ತು ನೀಲಿ ಬೆಳಕು ಅವುಗಳ ದಾರಿ ತಪ್ಪಿಸುವಷ್ಟು ಕೆಂಪು ತಪ್ಪಿಸುವುದಿಲ್ಲ.

ಇನ್ನು ಕೆಂಪು ಮರೆಮಾಡುವುದೇನು? ಒಂದು ಬಿಳಿ ಕಾಗದದ ಮೇಲೆ ಕುಂಕುಮದ ಬೊಟ್ಟಿಟ್ಟು, ಕೋಣೆಯ ದೀಪ ಆರಿಸಿ, ಕೆಂಪು ಎಲ್‌ಇಡಿ ಹಾಯಿಸಿ ನೋಡಿ. ಬೊಟ್ಟು ಹೆಚ್ಚುಕಡಿಮೆ ಮಾಯವಾಗುತ್ತದೆ. ಬಿಳಿ ಕಾಗದವೂ ಕುಂಕುಮವೂ ಕೆಂಪನ್ನು ಸರಿಸುಮಾರು ಒಂದೇ ಪ್ರಮಾಣದಲ್ಲಿ ಮರಳಿಸುವುದರಿಂದ ಕಣ್ಣಿಗೆ ಎರಡೂ ಒಂದೇ. ನನಗೆ ಇದು ಅರ್ಥವಾದದ್ದು ಕುಂಕುಮದಿಂದಲ್ಲ, ಉಂಬಳದಿಂದ. ಆಗುಂಬೆಯ ಬಳಿ ಮಳೆಯ ರಾತ್ರಿ ಕಪ್ಪೆ ನೋಡುತ್ತ ಕೆಂಪು ಬೆಳಕಿನಲ್ಲಿ ಕಾಲನ್ನು ಎರಡೆರಡು ಬಾರಿ ಪರಿಶೀಲಿಸಿ, ಏನೂ ಇಲ್ಲವೆಂದು ನಿಶ್ಚಿಂತನಾಗಿದ್ದೆ. ಜಗಲಿಗೆ ಬಂದು ಬಿಳಿ ದೀಪದಡಿ ಕುಳಿತಾಗ ಬಿಳಿಯ ಕಾಲುಚೀಲದ ಅರ್ಧ ರಕ್ತದಲ್ಲಿ ತೊಯ್ದಿತ್ತು.

ಉಂಬಳದ ವಿಷಯದಲ್ಲಿ ಇದು ನಗೆಯ ಮಾತು, ಹಾವಿನ ವಿಷಯದಲ್ಲಿ ಅಲ್ಲ. ಒಣಗಿದ ಎಲೆಗಳ ಮೇಲೆ ಸುರುಳಿ ಸುತ್ತಿಕೊಂಡ ಕೊಳಕುಮಂಡಲವನ್ನು ನಾವು ಗುರುತಿಸುವುದು ಮೈಮೇಲಿನ ಕಂದು ಬಿಲ್ಲೆಗಳ ಸಾಲಿನಿಂದ. ಕೆಂಪು ಬೆಳಕಿನಲ್ಲಿ ಕಂದು, ಹಳದಿ, ಒಣಹುಲ್ಲಿನ ಬಣ್ಣಗಳ ನಡುವಿನ ಅಂತರ ಕುಗ್ಗಿ, ಹಾವು ಎಲೆಯ ರಾಶಿಯಲ್ಲೇ ಕರಗಿಹೋಗುತ್ತದೆ. ಆದ್ದರಿಂದ ನಿಂತಲ್ಲಿ ನಿಂತು ನೋಡುವುದಕ್ಕೆ, ಡೇರೆಯೊಳಗೆ ಚೀಲ ಹುಡುಕುವುದಕ್ಕೆ ಕೆಂಪು ಯುಕ್ತ. ಹೆಜ್ಜೆ ಇಡುವುದಕ್ಕೆ ಬಿಳಿಯೇ ಬೇಕು. ಪಂಪ್‌ಸೆಟ್ಟಿಗೆ ಹೋಗುವ ರೈತನಿಗೆ ಕೆಂಪಿನಿಂದ ಆಗಬೇಕಾದ್ದು ಏನೂ ಇಲ್ಲ.

ನಕ್ಷೆ ಓದುವವರು ಇನ್ನೊಂದು ತೊಡಕನ್ನು ಎದುರಿಸುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಸಮೋನ್ನತಿ ರೇಖೆಗಳು ಕಂದು, ರಸ್ತೆ ಮತ್ತು ಊರುಗಳು ಕೆಂಪು. ಕೆಂಪು ಬೆಳಕಿನಲ್ಲಿ ಗುಡ್ಡದ ಏರಿಳಿತವೂ ದಾರಿಯೂ ಮಸುಕಾಗಿ, ನೀಲಿಯಲ್ಲಿ ಅಚ್ಚಾದ ಹಳ್ಳಕೊಳ್ಳಗಳಷ್ಟೇ ಕಪ್ಪಾಗಿ ಉಳಿಯುತ್ತವೆ.

ಹಸಿರು, ನೀಲಿ ಮತ್ತು ಮಂಜಿನ ಹಳದಿ

ಹಸಿರಿನ ಅನುಕೂಲ ಸರಳವಾದದ್ದು. ನಮ್ಮ ಕಣ್ಣು ಹಗಲಿನಲ್ಲಿ ಅತ್ಯಂತ ಚುರುಕಾಗಿರುವುದು 555 ನ್ಯಾನೋಮೀಟರಿನ ಆಸುಪಾಸಿನ ಹಸಿರಿಗೆ. ರಾತ್ರಿಯಲ್ಲಿ ಅದು ನೀಲಿಯತ್ತ ಸರಿದರೂ ಹಸಿರು ದೂರವೇನೂ ಉಳಿಯುವುದಿಲ್ಲ. ಹಾಗಾಗಿ ಅತಿ ಕಡಿಮೆ ಶಕ್ತಿಯಲ್ಲಿ ಅತಿ ಹೆಚ್ಚು ಕಾಣಿಸುವ ಬಣ್ಣ ಇದೇ, ನಕ್ಷೆಯ ಕೆಂಪು ಗೆರೆಗಳೂ ಇದರಲ್ಲಿ ಕಪ್ಪಾಗಿ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಹಸಿರು ಬೆಳಕು ಪ್ರಾಣಿಗಳಿಗೆ ಕಾಣಿಸುವುದಿಲ್ಲ ಎಂಬ ಡಬ್ಬಿಯ ಮಾತಿಗೆ ಆಧಾರವಿಲ್ಲ. ಜಿಂಕೆಯ ಎರಡು ಬಗೆಯ ಶಂಕು ಕೋಶಗಳಲ್ಲಿ ಒಂದು ಹಸಿರಿಗೇ ಮೀಸಲು. ಮಂದವಾಗಿದ್ದರೆ ಪ್ರಾಣಿ ಬೆದರದಿರಬಹುದು. ಅದು ಮಂದತೆಯ ಗುಣವೇ ಹೊರತು ಹಸಿರಿನದಲ್ಲ.

ನೀಲಿಯ ಬಗ್ಗೆ ಎರಡು ಹೇಳಿಕೆಗಳು ಚಾಲ್ತಿಯಲ್ಲಿವೆ. ನೀಲಿ ಬೆಳಕಿನಲ್ಲಿ ರಕ್ತ ಹೊಳೆಯುತ್ತದೆ ಎಂಬುದು ಮೊದಲನೆಯದು. ರಕ್ತ ನೀಲಿಯನ್ನು ಹೀರಿಕೊಳ್ಳುವುದರಿಂದ ಕಪ್ಪಾಗಿ ಕಾಣುತ್ತದೆಯಷ್ಟೆ, ಹೊಳೆಯುವುದಿಲ್ಲ. ಒದ್ದೆ ಎಲೆಯ ಮೇಲೆ ಕಪ್ಪು ಕಲೆಗಳಿಗೆ ಬರವಿಲ್ಲದ ಕಾಡಿನಲ್ಲಿ ಇದು ದೊಡ್ಡ ಉಪಕಾರವಲ್ಲ. ಎರಡನೆಯದು ಮೀನಿನ ಮಾತು. ನೀರು ಕೆಂಪನ್ನು ಬೇಗ ಹೀರಿಕೊಂಡು ನೀಲಿ ಹಸಿರುಗಳನ್ನು ಆಳಕ್ಕೆ ಬಿಡುತ್ತದೆ ಎಂಬುದು ತಿಳಿಯಾದ ಕಡಲ ನೀರಿನಲ್ಲಿ ನಿಜ, ಮಳೆಗಾಲದ ಕೆಂಪು ಹೊಳೆಯಲ್ಲಿ ಅಲ್ಲ. ದೋಣಿಗಳಲ್ಲಿ ಪ್ರಖರ ಎಲ್‌ಇಡಿ ಉರಿಸಿ ಮೀನು ಸೆಳೆಯುವ ‘ಲೈಟ್ ಫಿಶಿಂಗ್’ ನಮ್ಮ ಕರಾವಳಿಯಲ್ಲಿ ನಿಷಿದ್ಧ ಎಂಬುದನ್ನೂ ಇಲ್ಲಿಯೇ ನೆನಪಿಸಬೇಕು. ಇದೆಲ್ಲದರ ಮೇಲೆ ನೀಲಿಗೆ ಕೀಟಗಳು ಮುತ್ತುತ್ತವೆ. ತರಂಗಾಂತರ ಚಿಕ್ಕದಾದಷ್ಟೂ ಹುಳುಗಳ ಸೆಳೆತ ಹೆಚ್ಚು. ಅಡುಗೆ ಮಾಡುವ ಜಾಗಕ್ಕೆ ಹಳದಿಯೋ ಕೆಂಪೋ ಹಿತವಾಗಿರುವುದು ಇದೇ ಕಾರಣಕ್ಕೆ.

ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬ ನಂಬಿಕೆಗೆ ವಾಹನಗಳ ಹಳದಿ ದೀಪಗಳೇ ಸಾಕ್ಷಿ ಎನ್ನುವವರಿದ್ದಾರೆ. ಆಕಾಶ ನೀಲಿಯಾಗಿರುವುದು ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುವುದರಿಂದ. ಅಣುಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕವು, ಆದ್ದರಿಂದ ಬಣ್ಣದಿಂದ ಬಣ್ಣಕ್ಕೆ ಭೇದ ಮಾಡುತ್ತವೆ. ಮಲೆನಾಡಿನವರು ಕಾವಳ ಎನ್ನುವ ಮಂಜಿನ ಹನಿಗಳಾದರೋ ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡವು, ಅವು ಎಲ್ಲ ಬಣ್ಣಗಳನ್ನೂ ಸರಿಸುಮಾರು ಸಮನಾಗಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಪುರಾವೆ. ಮಂಜಿನಲ್ಲಿ ದಾರಿ ಕಾಣಬೇಕಾದರೆ ಬದಲಿಸಬೇಕಾದದ್ದು ಬಣ್ಣವನ್ನಲ್ಲ, ಟಾರ್ಚು ಹಿಡಿಯುವ ಎತ್ತರವನ್ನು. ಹಣೆಗೆ ಕಟ್ಟಿದ ದೀಪದ ಬೆಳಕು ಹನಿಗಳಿಗೆ ಬಡಿದು ನೇರ ಕಣ್ಣಿಗೇ ಮರಳುವುದರಿಂದ ಎದುರಿಗೆ ಬಿಳಿಗೋಡೆ ಎದ್ದಂತಾಗುತ್ತದೆ. ಅದನ್ನೇ ಕಳಚಿ ಮೊಣಕಾಲಿನ ಮಟ್ಟದಲ್ಲಿ ಹಿಡಿದರೆ ಗೋಡೆ ತೆಳುವಾಗಿ, ಕಲ್ಲು ಬೇರುಗಳು ತಮ್ಮ ನೆರಳಿನೊಂದಿಗೆ ಎದ್ದು ಬರುತ್ತವೆ. ಕುದುರೆಮುಖದ ಕಡೆಯ ಹುಲ್ಲುಗಾವಲಿನಲ್ಲಿ ನಸುಕಿಗೆ ನಡೆದವರು ಇದನ್ನು ಒಮ್ಮೆ ಮಾಡಿನೋಡಿದರೆ ಹಳದಿ ಮುಚ್ಚಳಕ್ಕೆ ಮತ್ತೆ ಹಣ ತೆರಲಾರರು.

ಕೆಲವು ಟಾರ್ಚುಗಳಲ್ಲಿರುವ ನೇರಳಾತೀತದ ಉಪಯೋಗ ಸೀಮಿತವಾದರೂ ಸೊಗಸಾದದ್ದು: ಚೇಳಿನ ಹೊರಕವಚದಲ್ಲಿರುವ ರಾಸಾಯನಿಕಗಳು ಈ ಬೆಳಕಿಗೆ ಹಸಿರುಮಿಶ್ರಿತ ನೀಲಿಯಾಗಿ ಹೊಳೆಯುತ್ತವೆ, ಹೀಗಾಗಿ ಮಲಗುವ ಮೊದಲು ಡೇರೆಯ ಸುತ್ತ, ಬೂಟಿನೊಳಗೆ ಒಮ್ಮೆ ಹಾಯಿಸಬಹುದು. ಆಗಷ್ಟೇ ಪೊರೆ ಕಳಚಿದ ಚೇಳು ಹೊಳೆಯುವುದಿಲ್ಲ ಎಂಬುದು ಗೊತ್ತಿರಲಿ. 395 ನ್ಯಾನೋಮೀಟರಿನ ಅಗ್ಗದ ಎಲ್‌ಇಡಿಯಲ್ಲಿ ಕಣ್ಣಿಗೆ ಕಾಣುವ ನೇರಳೆಯೂ ಬೆರೆತು ಹೊಳಪನ್ನು ಮುಚ್ಚುತ್ತದೆ. 365 ನ್ಯಾನೋಮೀಟರಿನದು ಉತ್ತಮ. ಎರಡನ್ನೂ ಯಾರ ಕಣ್ಣಿಗೂ ಹಿಡಿಯಬಾರದು.

ಡಬ್ಬಿಯ ಮೇಲಿನ ಅಂಕಿಗಳು

ಲ್ಯೂಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ಅದು ಒಂದು ದಿಕ್ಕಿಗೆ ಎಷ್ಟು ತೀವ್ರವಾಗಿ ಹೋಗುತ್ತದೆ ಎಂಬುದು. ತೋಟಕ್ಕೆ ನೀರು ಹಾಯಿಸುವ ಪೈಪನ್ನು ನೆನೆಸಿಕೊಳ್ಳಿ. ನಿಮಿಷಕ್ಕೆ ಬೀಳುವ ನೀರು ಲ್ಯೂಮೆನ್, ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದಾಗ ನೀರು ಚಿಮ್ಮುವ ರಭಸ ಕ್ಯಾಂಡೆಲಾ. ನೀರು ಅಷ್ಟೇ, ತಲುಪುವ ದೂರ ಬೇರೆ. ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಎಂಬ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸಿಗೆ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿಯುವ ಜಾಗವೇ ಟಾರ್ಚಿನ ‘ದೂರ’. ಅದು ಶುಭ್ರ ಹುಣ್ಣಿಮೆಯ ರಾತ್ರಿಯ ಬೆಳಕಿನಷ್ಟು. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ದೂರ ಮೀಟರಿನಲ್ಲಿ ಸಿಗುತ್ತದೆ. 2,500 ಕ್ಯಾಂಡೆಲಾಕ್ಕೆ 100 ಮೀಟರ್, 10,000ಕ್ಕೆ 200 ಮೀಟರ್. ದೂರ ಇಮ್ಮಡಿಯಾಗಲು ತೀವ್ರತೆ ನಾಲ್ಮಡಿಯಾಗಬೇಕು. ಹುಣ್ಣಿಮೆಯ ಬೆಳಕಿನಲ್ಲಿ ಅಡಿಕೆ ಮರವೋ ಆನೆಯೋ ಎಂದು ತಿಳಿಯುವುದೇ ಕಷ್ಟವಾದ್ದರಿಂದ ಹೇಳಿದ ದೂರದ ಅರ್ಧವನ್ನಷ್ಟೇ ನಂಬುವುದು ಒಳ್ಳೆಯದು. ಅಲ್ಲಿ ಬೆಳಕು ನಾಲ್ಕು ಪಟ್ಟು ಹೆಚ್ಚಿರುತ್ತದೆ.

ಬಣ್ಣಗಳ ಲ್ಯೂಮೆನ್‌ಗಳನ್ನು ಪರಸ್ಪರ ಹೋಲಿಸುವಾಗ ಒಂದು ಎಚ್ಚರ ಬೇಕು. ಲ್ಯೂಮೆನ್ ಎಂಬ ಅಳತೆಯೇ ಹಗಲುಗಣ್ಣಿನ ತಕ್ಕಡಿಯಲ್ಲಿ ತೂಗಿದ್ದು. ಆ ತಕ್ಕಡಿಯಲ್ಲಿ 630 ನ್ಯಾನೋಮೀಟರಿನ ಕೆಂಪಿಗೆ ಹಸಿರಿನ ಕಾಲುಭಾಗದಷ್ಟು, 470ರ ನೀಲಿಗೆ ಹತ್ತನೇ ಒಂದರಷ್ಟು ತೂಕ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ತಕ್ಕಡಿ ಬೇರೆಯೇ ಆದ್ದರಿಂದ, ಡಬ್ಬಿಯ ಮೇಲೆ ಸಪ್ಪೆಯಾಗಿ ತೋರುವ ನೀಲಿಯ 20 ಲ್ಯೂಮೆನ್ ಕತ್ತಲಲ್ಲಿ ಕಣ್ಣಿಗೆ ರಾಚುತ್ತದೆ, ಕೆಂಪಿನ 20 ಲ್ಯೂಮೆನ್ ಹಾಗೆ ರಾಚುವುದಿಲ್ಲ.

ಬಿಳಿಯ ಗುಣಮಟ್ಟಕ್ಕೂ ಎರಡು ಅಂಕಿಗಳಿವೆ. ಕೆಲ್ವಿನ್ ಎಂಬುದು ಬಿಳಿಯ ಛಾಯೆ: 3,000 ಎಂದರೆ ಹಳೆಯ ಬಲ್ಬಿನ ಬೆಚ್ಚನೆಯ ಹಳದಿ, 6,500 ಎಂದರೆ ನೀಲಿಯೊಡೆದ ತಣ್ಣನೆಯ ಬಿಳಿ. ಸಿಆರ್‌ಐ ಎಂಬುದು ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದಕ್ಕೆ 100ರಲ್ಲಿ ಕೊಡುವ ಅಂಕ. 70ರ ಟಾರ್ಚಿಗಿಂತ 90ರ ಟಾರ್ಚಿನಲ್ಲಿ ಕಂದು ಹಾವು ಕಂದು ಎಲೆಯಿಂದ ಬೇರ್ಪಟ್ಟು ಕಾಣುತ್ತದೆ. ನನ್ನ ಮಟ್ಟಿಗೆ, ಹೆಚ್ಚುವರಿ ಎರಡು ಬಣ್ಣಗಳಿಗೆ ಕೊಡುವ ಹಣವನ್ನು 4,000 ಕೆಲ್ವಿನ್ ಆಸುಪಾಸಿನ ಒಳ್ಳೆಯ ಬಿಳಿಗೆ ಕೊಡುವುದು ಮೇಲು.

ಸೆಲ್ಲಿನ ಲೆಕ್ಕ

ಇಂದಿನ ಟಾರ್ಚುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 18650 ಎಂಬ ಲಿಥಿಯಂ ಸೆಲ್ಲು. ಹೆಸರಲ್ಲೇ ಅಳತೆಯಿದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಒಳ್ಳೆಯ ಸೆಲ್ಲಿನ ಸಾಮರ್ಥ್ಯ 3,500 ಮಿಲಿಆಂಪ್ ಅವರ್‌ನ ಆಸುಪಾಸು. ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳೆಂದು ತಿಳಿಯಲು ಬೇರೆ ಪರೀಕ್ಷೆ ಬೇಕಾಗಿಲ್ಲ.

ಈಗ ‘2,000 ಲ್ಯೂಮೆನ್, 8 ಗಂಟೆ’ ಎಂಬ ಜಾಹೀರಾತನ್ನು ಕೈಬೆರಳಲ್ಲೇ ಪರೀಕ್ಷಿಸೋಣ. ಒಳ್ಳೆಯ ಟಾರ್ಚು ಒಂದು ವಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆಂದು ಹಿಡಿದರೆ 2,000 ಲ್ಯೂಮೆನ್‌ಗೆ 20 ವಾಟ್ ಬೇಕು. 8 ಗಂಟೆಗೆ 160 ವಾಟ್ ಅವರ್. ಒಂದು ಸೆಲ್ಲಿನಲ್ಲಿರುವುದು 3.6 ವೋಲ್ಟ್ ಗುಣಿಸು 3.5 ಆಂಪ್ ಅವರ್, ಅಂದರೆ 12.6 ವಾಟ್ ಅವರ್. ಅಲ್ಲಿಗೆ ಹದಿಮೂರು ಸೆಲ್ಲುಗಳಾದವು, ಟಾರ್ಚಿನಲ್ಲಿರುವುದು ಒಂದೇ. ಆ ಒಂದರಲ್ಲಿ 2,000 ಲ್ಯೂಮೆನ್ ನಲವತ್ತು ನಿಮಿಷವೂ ಬಾರದು, ಅಷ್ಟರಲ್ಲಿ ಕೈ ಸುಡುವುದು ಬೇರೆ.

ಹಾಗಾದರೆ 8 ಗಂಟೆ ಎಲ್ಲಿಂದ ಬಂತು? ಎಫ್‌ಎಲ್ 1 ಪ್ರಕಾರ ಬೆಳಕು ಆರಂಭದ ಶೇಕಡ 10ಕ್ಕೆ ಇಳಿಯುವವರೆಗಿನ ಸಮಯವೆಲ್ಲ ಉರಿಯುವ ಸಮಯವೇ. ಎಲ್‌ಇಡಿ ಬಿಸಿಯಾದಂತೆ ಟಾರ್ಚು ತಾನಾಗಿ ಬೆಳಕನ್ನು ತಗ್ಗಿಸುತ್ತದೆ. ಒಂದೆರಡು ನಿಮಿಷ ಮೆರೆದು, ಉಳಿದ ಹೊತ್ತೆಲ್ಲ ಮಂದವಾಗಿ ಉರಿದರೂ ನಿಯಮದ ಪ್ರಕಾರ ತಪ್ಪಿಲ್ಲ. ಡಬ್ಬಿಯಲ್ಲಿ ನಡುವಣ ಹಂತದ, ಅಂದರೆ 150ರಿಂದ 300 ಲ್ಯೂಮೆನ್ ನಡುವಿನ, ಸಮಯ ಎಷ್ಟಿದೆ ಎಂದು ನೋಡಬೇಕು. ಕಾಲುದಾರಿಗೆ ಬೇಕಾಗುವುದು ಅಷ್ಟೇ. ಸೆಲ್ಲು ಬದಲಾಯಿಸಲು ಬರುವ ಟಾರ್ಚು ಒಳಗೇ ಬೆಸೆದಿರುವುದಕ್ಕಿಂತ ಉತ್ತಮ. ಆದರೆ ಬಿಡಿ ಲಿಥಿಯಂ ಸೆಲ್ಲನ್ನು ಬೀಗದ ಕೈ, ಚಿಲ್ಲರೆಗಳ ಜೊತೆ ಜೇಬಿಗೆ ಹಾಕಿದರೆ ಎರಡು ತುದಿಗಳು ಕೂಡಿ ಬೆಂಕಿ ಹೊತ್ತಬಹುದು.

ಮಳೆಗೆ ನಿಲ್ಲುವ ಟಾರ್ಚು

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ‘ವಾಟರ್‌ಪ್ರೂಫ್’ ಎಂಬ ಒಂದು ಪದ ಏನನ್ನೂ ಹೇಳುವುದಿಲ್ಲ. ನೋಡಬೇಕಾದದ್ದು ಐಪಿ ಅಂಕಿಗಳನ್ನು. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು, ‘ಎಕ್ಸ್’ ಇದ್ದರೆ ಆ ಪರೀಕ್ಷೆಯ ಫಲ ಘೋಷಿಸಿಲ್ಲ ಎಂದರ್ಥ. ಐಪಿಎಕ್ಸ್ 4 ಎಲ್ಲ ದಿಕ್ಕಿನ ಎರಚಲಿಗೆ ಸಾಕು; ಐಪಿಎಕ್ಸ್ 7 ಒಂದು ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. ಹಳ್ಳ ದಾಟುವವರಿಗೆ ಎರಡನೆಯದೇ ಬೇಕು. ಚಾರ್ಜ್ ಮಾಡುವ ರಂಧ್ರದ ರಬ್ಬರು ಮುಚ್ಚಳ ಸಡಿಲವಾಗಿದ್ದರೆ ಯಾವ ಅಂಕಿಯೂ ಕಾಯುವುದಿಲ್ಲ.

ಗುಂಡಿಯ ಕ್ರಮ

ಬಹುವರ್ಣದ ಟಾರ್ಚಿನಲ್ಲಿ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು ಡಬ್ಬಿಯ ಮೇಲೆ ಎಲ್ಲೂ ಬರೆದಿರುವುದಿಲ್ಲ: ಕೆಂಪಿಗೆ ಹೋಗಲು ಬಿಳಿಯನ್ನು ಹಾಯಬೇಕೇ? ನಾನು ಮೊದಲು ಕೊಂಡ ನಾಲ್ಕು ಬಣ್ಣದ ಟಾರ್ಚಿನಲ್ಲಿ ಗುಂಡಿ ಒಂದೇ, ಕ್ರಮವೂ ಒಂದೇ: ಬಿಳಿ, ಕೆಂಪು, ಹಸಿರು, ನೀಲಿ, ಆಮೇಲೆ ಕಣ್ಣು ಕುಕ್ಕುವ ಮಿಣುಕು. ಗೆಳೆಯರೆಲ್ಲ ಅರ್ಧ ಗಂಟೆಯಿಂದ ಕತ್ತಲಲ್ಲಿ ಕುಳಿತು ಆಕಾಶಗಂಗೆಯನ್ನು ಕಣ್ಣಿಗೆ ತಂದುಕೊಂಡಿದ್ದ ಹೊತ್ತಿನಲ್ಲಿ, ಕೆಂಪು ಬೇಕೆಂದು ನಾನು ಗುಂಡಿ ಒತ್ತಿದೊಡನೆ ಬಿಳಿಯ ಪೂರ್ಣ ಪ್ರಖರತೆ ಎಲ್ಲರ ಮುಖಕ್ಕೂ ಹೊಡೆಯಿತು. ಅದನ್ನು ದಾಟಿ ಸಿಕ್ಕ ಕೆಂಪಿನಿಂದ ಆ ರಾತ್ರಿ ಯಾರಿಗೂ ಉಪಯೋಗವಾಗಲಿಲ್ಲ. ಕೆಂಪಿಗೆ ಪ್ರತ್ಯೇಕ ಗುಂಡಿಯಿರುವ, ಇಲ್ಲವೇ ಕೊನೆಯಲ್ಲಿ ಬಳಸಿದ ಬಣ್ಣವನ್ನು ನೆನಪಿಟ್ಟುಕೊಳ್ಳುವ ಟಾರ್ಚನ್ನು ಆರಿಸಬೇಕು.

ಕೆಂಪು ನೀಲಿ ಒಂದಾದ ಮೇಲೊಂದು ಮಿನುಗುವ ಹಂತವೂ ಕೆಲವುದರಲ್ಲಿದೆ. ಅದು ರಸ್ತೆಯ ಮೇಲೆ ತುರ್ತು ವಾಹನಗಳಿಗೆ ಮೀಸಲಾದ ಸಂಕೇತವನ್ನು ಹೋಲುವುದರಿಂದ ಬಳಸದಿರುವುದೇ ಕ್ಷೇಮ. ಪಾದಯಾತ್ರಿಗಳ ಸಾಲಿನಲ್ಲಿ ಕೊನೆಯವರ ಬೆನ್ನಿಗೆ ಸ್ಥಿರವಾಗಿಯೋ ನಿಧಾನವಾಗಿಯೋ ಮಿನುಗುವ ಬರಿಯ ಕೆಂಪು, ಮುಂದಿರುವವರ ಕೈಯಲ್ಲಿ ಬಿಳಿ ಇದ್ದರೆ ವಾಹನ ಚಾಲಕರಿಗೆ ಸಾಲಿನ ಮುಂದು ಹಿಂದು ತಾನಾಗಿ ತಿಳಿಯುತ್ತದೆ. ಬೆಟ್ಟದಲ್ಲಿ ಸಹಾಯ ಕೋರಲು ಬಣ್ಣ ಬೇಕಾಗಿಲ್ಲ: ನಿಮಿಷಕ್ಕೆ ಆರು ಬಾರಿ ಬಿಳಿ ಬೆಳಕು ತೋರಿಸಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು ಬಾರಿ ತೋರಿಸುವುದು ಪರ್ವತಾರೋಹಿಗಳ ನಡುವೆ ಬಹುಕಾಲದಿಂದ ಇರುವ ಸಂಕೇತ. ನಿಮಿಷಕ್ಕೆ ಮೂರು ಬಾರಿ ಬೆಳಕು ಮರಳಿ ಬಂದರೆ ಯಾರೋ ಕಂಡಿದ್ದಾರೆ ಎಂದರ್ಥ.

ತಂದ ದಿನ ಮನೆಯಲ್ಲಿ

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಬಚ್ಚಲುಮನೆಯ ಬಾಗಿಲು ಮುಚ್ಚಿ, ದೀಪ ಆರಿಸಿ, ಟಾರ್ಚನ್ನು ಚಾವಣಿಗೆ ಮುಖ ಮಾಡಿ ನಿಲ್ಲಿಸಿದರೆ ಮರಳಿ ಬರುವ ಬೆಳಕು ಎಲ್ಲೆಡೆ ಸಮನಾಗಿ ಹರಡುತ್ತದೆ; ಹಳೆಯ ಟಾರ್ಚಿನೊಂದಿಗೆ ಹೋಲಿಸಲು ಇದಕ್ಕಿಂತ ನ್ಯಾಯವಾದ ವಿಧಾನ ಮನೆಯಲ್ಲಿ ಸಿಗದು. ಅಲ್ಲಿಯೇ ನಲ್ಲಿಯನ್ನು ಸಣ್ಣಗೆ ಬಿಟ್ಟು, ಮಂದ ಹಂತದಲ್ಲಿ ಬೆಳಕು ಹಾಯಿಸಿ. ನೀರಿನ ಎಳೆ ತುಂಡುತುಂಡಾದ ಮುತ್ತುಗಳಂತೆ ನಿಂತು ಕಂಡರೆ ಟಾರ್ಚು ಬೆಳಕನ್ನು ತಗ್ಗಿಸುವ ಬದಲು ವೇಗವಾಗಿ ಆರಿಸಿ ಹೊತ್ತಿಸುತ್ತಿದೆ. ಅಂಥದ್ದರಲ್ಲಿ ಬಹಳ ಹೊತ್ತು ಕೆಲಸ ಮಾಡಿದರೆ ಕೆಲವರಿಗೆ ತಲೆನೋವು ಬರುತ್ತದೆ. ಐಪಿಎಕ್ಸ್ 7 ಎಂದಿದ್ದರೆ ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಗಾಜಿನ ಒಳಮೈಯಲ್ಲಿ ಆವಿ ಕಟ್ಟಿದೆಯೇ ನೋಡಬಹುದು. ನೇರಳಾತೀತ ಇದ್ದರೆ ಡಿಟರ್ಜೆಂಟಿನಲ್ಲಿ ಒಗೆದ ಬಿಳಿ ಅಂಗಿಯ ಮೇಲೆ ಹಾಯಿಸಿ, ಅಂಗಿ ನೀಲಿಯಾಗಿ ಉರಿದೆದ್ದರೆ ಎಲ್‌ಇಡಿ ಕೆಲಸ ಮಾಡುತ್ತಿದೆ.

ಒಂದು ಪರೀಕ್ಷೆಗೆ ಮಾತ್ರ ತಿಂಗಳ ತಾಳ್ಮೆ ಬೇಕು. ಗುಂಡಿ ಒತ್ತಿದೊಡನೆ ಹೊತ್ತುವ ಎಲೆಕ್ಟ್ರಾನಿಕ್ ಸ್ವಿಚ್ಚಿನ ಟಾರ್ಚುಗಳು ಆರಿದ್ದಾಗಲೂ ಸೆಲ್ಲಿನಿಂದ ಹನಿಹನಿಯಾಗಿ ಕರೆಂಟು ಹೀರುತ್ತಿರುತ್ತವೆ. ಪೂರ್ತಿ ಚಾರ್ಜ್ ಮಾಡಿ ಕಪಾಟಿನಲ್ಲಿಟ್ಟು ತಿಂಗಳ ನಂತರ ತೆಗೆದಾಗ ಬೆಳಕು ಕುಂದಿದ್ದರೆ, ಮುಂದೆ ಎತ್ತಿಡುವಾಗಲೆಲ್ಲ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಡಬೇಕು. ಹೆಚ್ಚಿನ ಲೋಹದ ಟಾರ್ಚುಗಳಲ್ಲಿ ಆ ಕಾಲು ಸುತ್ತಿಗೆ ಸಂಪರ್ಕ ತಪ್ಪುತ್ತದೆ, ಚೀಲದೊಳಗೆ ಗುಂಡಿ ಒತ್ತಿಹೋಗಿ ತಾನಾಗಿ ಹೊತ್ತಿಕೊಳ್ಳುವುದೂ ತಪ್ಪುತ್ತದೆ.